ಕೊಬ್ಬರಿಗೆ ಬೆಲೆ ಕಟ್ಟುವವರು ಯಾರು?

(ತೆಂಗು ಬೆಳೆಗಾರರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹಾಲ್ಕುರಿಕೆಯ ತೋಟದಲ್ಲಿ ಕೆಡವಿದ ಕಾಯಿ ನೇರವಾಗಿ ಮಾರುಕಟ್ಟೆಗೆ ಹೋಗುವುದಿಲ್ಲ. ಅದು ಮೊದಲು ಅಟ್ಟ ಸೇರುತ್ತದೆ. ಸಿಪ್ಪೆಯೊಳಗೇ ಹತ್ತು ಹನ್ನೊಂದು ತಿಂಗಳು ಇದ್ದು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲುಗಿಸಿದರೆ ಸದ್ದು ಕೇಳುವಂತಾದಾಗ ಅದು ಕೊಬ್ಬರಿಯಾಯಿತೆಂದು ಲೆಕ್ಕ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದಂತೆ ಹೊರತೆಗೆಯಬೇಕು. ಕರಾವಳಿಯ ತೇವದ ಹವೆಯಲ್ಲಿ ಈ ಕೆಲಸ ಕಷ್ಟ. ಅಲ್ಲಿ ಕಾಯನ್ನು ಹೋಳು ಮಾಡಿ ಕೆಲವೇ ದಿನಗಳಲ್ಲಿ ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ಬಯಲುಸೀಮೆಯ ಒಣಹವೆಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸೀಮೆಯ ಉಂಡೆ ಕೊಬ್ಬರಿಗೆ ಹೆಸರು ತಂದುಕೊಟ್ಟಿದೆ.

ಈ ಕೊಬ್ಬರಿಯನ್ನು ತಿನ್ನುವವರು ಹೆಚ್ಚಾಗಿ ಇಲ್ಲಿನವರಲ್ಲ. ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ದೆಹಲಿ, ಉತ್ತರ ಪ್ರದೇಶಗಳಲ್ಲಿ ಅದು ಪ್ರಸಾದವಾಗುತ್ತದೆ, ಮಿಠಾಯಿಗೆ ಬೀಳುತ್ತದೆ, ಒಣಹಣ್ಣುಗಳ ಜೊತೆ ತಟ್ಟೆ ಸೇರುತ್ತದೆ. ಬೆಳೆದವನ ಅಟ್ಟಕ್ಕೂ ತಿನ್ನುವವನ ಮನೆಗೂ ನಡುವೆ ನಾಲ್ಕೈದು ರಾಜ್ಯಗಳಿವೆ. ಪ್ರತಿ ರಾಜ್ಯಕ್ಕೂ ತನ್ನದೇ ಸರ್ಕಾರ, ತನ್ನದೇ ಮಾರುಕಟ್ಟೆ ಕಾಯಿದೆ. ಹೀಗಾಗಿ ‘ಹಲವು ಸರ್ಕಾರಗಳ ನಡುವೆ ಒಂದೇ ಮಾರುಕಟ್ಟೆ ನಡೆಯುವುದು ಹೇಗೆ?’ ಎಂಬ ಪ್ರಶ್ನೆ ಬ್ರಸೆಲ್ಸಿನ ಅರ್ಥಶಾಸ್ತ್ರಜ್ಞರದು ಮಾತ್ರವಲ್ಲ, ಹಾಲ್ಕುರಿಕೆಯದೂ ಹೌದು.

ಈ ಪ್ರಶ್ನೆಯ ಬಿಸಿ ತಟ್ಟಿದ್ದು ಈಚಿನ ವರ್ಷಗಳಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ 9,000 ರೂಪಾಯಿಗಿಂತ ಕೆಳಗಿಳಿಯಿತು. ಬೆಳೆಗಾರರು ಬೀದಿಗಿಳಿದರು. 2025ರ ಮಧ್ಯಭಾಗದಲ್ಲಿ ಅದೇ ಪ್ರಾಂಗಣದಲ್ಲಿ ದರ 25,000 ರೂಪಾಯಿ ದಾಟಿತು. ಇಷ್ಟು ದೊಡ್ಡ ಏರಿಳಿತಕ್ಕೆ ಬರ, ಬಿಳಿನೊಣ, ಕಪ್ಪು ತಲೆ ಹುಳು, ಎಳನೀರಿಗೆ ಹೆಚ್ಚಿದ ಬೇಡಿಕೆ ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ಅವು ಸುಳ್ಳಲ್ಲ. ಆದರೆ ಬೇಡಿಕೆ, ಪೂರೈಕೆಗಳಷ್ಟೇ ಬೆಲೆ ಕಟ್ಟುವುದಿಲ್ಲ. ಎಷ್ಟು ಜನ ಕೊಳ್ಳುವವರಿದ್ದಾರೆ, ಅವರು ಒಬ್ಬರ ಮೇಲೊಬ್ಬರು ನಿಜವಾಗಿ ದರ ಕೂಗುತ್ತಾರೆಯೆ, ಮಾರುವವನಿಗೆ ಕಾಯುವ ಶಕ್ತಿ ಇದೆಯೆ ಎಂಬ ಸಂಗತಿಗಳೂ ಬೆಲೆ ಕಟ್ಟುತ್ತವೆ.

ಈ ಉಪನ್ಯಾಸದ ತಿರುಳು ಇಷ್ಟೆ: ಗಡಿ ತೆಗೆದ ಮಾತ್ರಕ್ಕೆ ಒಂದೇ ಮಾರುಕಟ್ಟೆ ಆಗುವುದಿಲ್ಲ. ಸರ್ಕಾರ ತೆಗೆದ ಗಡಿಯನ್ನು ವ್ಯಾಪಾರಿಗಳು ತಮ್ಮ ತಮ್ಮಲ್ಲೇ ಮತ್ತೆ ಎಬ್ಬಿಸದಂತೆ ನೋಡಿಕೊಳ್ಳುವ ಕಾವಲೂ ಬೇಕು.

ಹಳೆಯ ಸುಂಕಗಳು

ಹಲವು ರಾಜ್ಯಗಳ ನಡುವಿನ ವ್ಯಾಪಾರ ಕನ್ನಡ ನಾಡಿಗೆ ಹೊಸದಲ್ಲ. ಅಯ್ಯಾವೊಳೆ, ಎಂದರೆ ಇಂದಿನ ಐಹೊಳೆಯ ಹೆಸರಿನಿಂದ ಗುರುತಿಸಿಕೊಂಡ ಐನೂರ್ವರ ವರ್ತಕ ಸಂಘ ಚಾಲುಕ್ಯರ, ಚೋಳರ, ಹೊಯ್ಸಳರ ರಾಜ್ಯಗಳನ್ನು ದಾಟಿ ವ್ಯಾಪಾರ ನಡೆಸಿತು. ಶ್ರೀಲಂಕೆಯಲ್ಲಿ ಅವರ ಶಾಸನಗಳಿವೆ. ಸುಮಾತ್ರಾ ದ್ವೀಪದ ಬರೂಸಿನಲ್ಲಿ 1088ರ ತಮಿಳು ಶಾಸನವೊಂದು ಅವರನ್ನು ಹೆಸರಿಸುತ್ತದೆ. ರಾಜರು ಬೇರೆ ಬೇರೆ, ವರ್ತಕರ ಕಟ್ಟು ಮಾತ್ರ ಒಂದೇ.

ಹಾಗೆಂದು ದಾರಿ ನಿರಾತಂಕವಾಗಿರಲಿಲ್ಲ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಊರಿಂದೂರಿಗೆ ಸರಕು ಸಾಗಿಸಿದವನು ಸುಂಕ ತೆತ್ತೇ ಸಾಗಬೇಕಾಗಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಇಂಥ ಸಂಘಗಳು ವರ್ತಕರಿಗೆ ರಕ್ಷಣೆಯನ್ನೂ ನಂಬಿಕೆಯನ್ನೂ ಕೊಟ್ಟವು. ಆದರೆ ವರ್ತಕರೆಲ್ಲ ಒಂದೇ ಕಟ್ಟಿನಲ್ಲಿದ್ದಾಗ ಮಾರುವ ಒಕ್ಕಲಿಗನ ಮುಂದೆ ಹಲವು ಬಾಗಿಲುಗಳು ಉಳಿಯುವುದು ಕಷ್ಟ. ಈ ಅಪಾಯ ಬಹಳ ಹಿಂದೆಯೇ ಅರಿವಿಗೆ ಬಂದಿತ್ತು. ವ್ಯಾಪಾರಿಗಳು ಕೂಡಿಕೊಂಡು ಸರಕು ತಡೆಹಿಡಿದರೆ ಅಥವಾ ಬೆಲೆಯನ್ನು ಏರುಪೇರು ಮಾಡಿದರೆ ಸಾವಿರ ಪಣ ದಂಡ ಹಾಕಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ.

ತಿಪಟೂರು ಸೀಮೆಯ ಕೊಬ್ಬರಿಗೆ ದೂರದ ದಾರಿ ತೆರೆದದ್ದು ರೈಲು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಹಳಿ ಬಿದ್ದಾಗ ಮೈಸೂರು ಸಂಸ್ಥಾನದ ಒಳನಾಡು ಮುಂಬಯಿ ಪ್ರಾಂತದೊಡನೆ ಜೋಡಣೆಯಾಯಿತು. ಎತ್ತಿನ ಗಾಡಿಯ ಸರಕು ವ್ಯಾಗನ್ನು ಹತ್ತಿತು. ಆದರೂ ಕನ್ನಡ ನಾಡೇ ಆಗ ಒಂದು ಮಾರುಕಟ್ಟೆಯಾಗಿರಲಿಲ್ಲ. ತಿಪಟೂರು ಮೈಸೂರಿನಲ್ಲಿ, ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಮದರಾಸಿನಲ್ಲಿ, ರಾಯಚೂರು ಹೈದರಾಬಾದಿನಲ್ಲಿ ಇದ್ದವು. 1956ರಲ್ಲಿ ರಾಜ್ಯ ಒಂದಾದಾಗಲೂ ಕೃಷಿ ಮಾರುಕಟ್ಟೆಗಳಿಗೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳ ಬೇರೆ ಬೇರೆ ಕಾಯಿದೆಗಳೇ ಅನ್ವಯಿಸುತ್ತಿದ್ದವು. ಅವನ್ನೆಲ್ಲ ತೆಗೆದು ಒಂದೇ ಕಾಯಿದೆ ತರಲು ಹತ್ತು ವರ್ಷ ಹಿಡಿಯಿತು. ಅದೇ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ. ಒಂದೇ ಭಾಷೆಯ, ಒಂದೇ ಸರ್ಕಾರದ ನಾಡಿನಲ್ಲಿ ಇಷ್ಟು ಕಾಲ ಬೇಕಾಯಿತೆಂದರೆ, ಹಲವು ದೇಶಗಳ ನಡುವೆ ಇದೇ ಕೆಲಸ ಎಷ್ಟು ಕಷ್ಟವೆಂದು ಊಹಿಸಬಹುದು.

ಯೂರೋಪಿನ ಪಾಠ

ಆ ಕಷ್ಟವನ್ನು ಮೈಮೇಲೆ ಎಳೆದುಕೊಂಡದ್ದು ಯೂರೋಪು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಹೋದ ಆರು ದೇಶಗಳು, ಅಂದರೆ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, 1957ರ ಮಾರ್ಚ್ 25ರಂದು ರೋಮ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ನಡುವೆ ಸುಂಕಗಳನ್ನು ಹಂತಹಂತವಾಗಿ ತೆಗೆಯುವುದು ಅದರ ಒಂದು ಭಾಗ. ಅದೇ ಒಪ್ಪಂದದಲ್ಲಿ ಇನ್ನೂ ಮೂರು ಕಟ್ಟಳೆಗಳಿದ್ದವು. ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ಪೈಪೋಟಿಯನ್ನು ಕೊಲ್ಲಬಾರದು. ಮಾರುಕಟ್ಟೆಯಲ್ಲಿ ಮೇಲುಗೈ ಪಡೆದ ಕಂಪನಿ ಆ ಬಲವನ್ನು ದುರುಪಯೋಗ ಮಾಡಬಾರದು. ಸರ್ಕಾರಗಳು ತಮ್ಮ ದೇಶದ ಕಂಪನಿಗಳಿಗೆ ಮನಬಂದಂತೆ ಸಹಾಯಧನ ಕೊಟ್ಟು ನೆರೆಯವರ ಕಂಪನಿಗಳನ್ನು ಮಣಿಸಬಾರದು.

ಸುಂಕ ತೆಗೆಯುವ ಒಪ್ಪಂದದಲ್ಲಿ ಈ ಮೂರಕ್ಕೆ ಏನು ಕೆಲಸ? ಗ್ರುಂಡಿಗ್ ಎಂಬ ಜರ್ಮನ್ ಕಂಪನಿಯ ಮೊಕದ್ದಮೆ ಇದಕ್ಕೆ ಒಳ್ಳೆಯ ಉತ್ತರ. ರೇಡಿಯೋ, ಟೇಪ್ ರೆಕಾರ್ಡರ್ ತಯಾರಿಸುತ್ತಿದ್ದ ಈ ಕಂಪನಿ ಫ್ರಾನ್ಸಿನಲ್ಲಿ ತನ್ನ ಸರಕು ಮಾರುವ ಹಕ್ಕನ್ನು ಕಾನ್‌ಸ್ಟೆನ್ ಎಂಬ ಒಂದೇ ಸಂಸ್ಥೆಗೆ ಕೊಟ್ಟಿತು. ಬೇರೆ ದೇಶದ ತನ್ನ ವ್ಯಾಪಾರಿಗಳು ಫ್ರಾನ್ಸಿಗೆ ಸರಕು ಕಳಿಸಕೂಡದೆಂದು ಕಟ್ಟುಮಾಡಿತು. ಫ್ರಾನ್ಸಿನ ಇನ್ನೊಂದು ಸಂಸ್ಥೆ ಜರ್ಮನಿಯ ವ್ಯಾಪಾರಿಗಳಿಂದ ಅದೇ ಸರಕನ್ನು ಕೊಂಡು ಪ್ಯಾರಿಸಿನಲ್ಲಿ ಕಡಿಮೆ ಬೆಲೆಗೆ ಮಾರತೊಡಗಿದಾಗ ಕಾನ್‌ಸ್ಟೆನ್ ನ್ಯಾಯಾಲಯಕ್ಕೆ ಹೋಯಿತು. ಯೂರೋಪಿನ ಆಯೋಗ 1964ರಲ್ಲಿ ಈ ಒಪ್ಪಂದ ನಡೆಯದೆಂದಿತು. ಯೂರೋಪಿನ ನ್ಯಾಯಾಲಯ 1966ರಲ್ಲಿ ಆ ತೀರ್ಮಾನದ ಮುಖ್ಯಭಾಗವನ್ನು ಎತ್ತಿಹಿಡಿಯಿತು. ತತ್ತ್ವ ಸರಳವಾದದ್ದು. ಸರ್ಕಾರ ಕಿತ್ತುಹಾಕಿದ ಗಡಿಗಂಬವನ್ನು ಕಂಪನಿ ಖಾಸಗಿ ಕಾಗದದ ಮೇಲೆ ಮತ್ತೆ ನೆಡಬಾರದು.

ಗಡಿಗೆ ಇನ್ನೂ ಒಂದು ಮುಖವಿದೆ. ಫ್ರಾನ್ಸಿನ ಕಪ್ಪು ದ್ರಾಕ್ಷಿಯಂಥ ಹಣ್ಣಿನಿಂದ ತೆಗೆದ ‘ಕ್ಯಾಸಿಸ್ ದ ದಿಜೋಂ’ ಎಂಬ ಮದ್ಯಕ್ಕೆ ಜರ್ಮನಿಯಲ್ಲಿ ಜಾಗವಿರಲಿಲ್ಲ. ಕಾರಣ ವಿಚಿತ್ರ. ಜರ್ಮನ್ ಕಟ್ಟಳೆಯಂತೆ ಇಂಥ ಪಾನೀಯದಲ್ಲಿ ಶೇ. 25ರಷ್ಟಾದರೂ ಮದ್ಯಾಂಶ ಇರಬೇಕು; ಅದರಲ್ಲಿ ಅಷ್ಟಿರಲಿಲ್ಲ! 1979ರಲ್ಲಿ ಯೂರೋಪಿನ ನ್ಯಾಯಾಲಯ ಈ ತಡೆಯನ್ನು ತಳ್ಳಿಹಾಕಿತು. ಒಂದು ದೇಶದಲ್ಲಿ ಕಾಯಿದೆಬದ್ಧವಾಗಿ ಮಾರಾಟವಾಗುವ ಸರಕನ್ನು, ಗಟ್ಟಿಯಾದ ಕಾರಣವಿಲ್ಲದೆ, ಇನ್ನೊಂದು ದೇಶ ತಡೆಯಬಾರದೆಂಬ ದಾರಿ ಅಲ್ಲಿಂದ ತೆರೆಯಿತು. ಮುಂದೆ 1986ರಲ್ಲಿ ಸಹಿಯಾದ ಹೊಸ ಒಪ್ಪಂದದ ಬಲದಿಂದ 1993ರ ಜನವರಿ 1ರಂದು ಹನ್ನೆರಡು ದೇಶಗಳ ಒಂದೇ ಮಾರುಕಟ್ಟೆ ಜಾರಿಗೆ ಬಂತು. ರೋಮ್ ಒಪ್ಪಂದದಿಂದ ಅಲ್ಲಿಗೆ ಮೂವತ್ತೈದು ವರ್ಷ ಕಳೆದಿದ್ದವು. ಬ್ರಿಟನ್ 2020ರಲ್ಲಿ ಹೊರಬಿದ್ದ ಮೇಲೆ ಯೂರೋಪಿನ ಒಕ್ಕೂಟದಲ್ಲಿ 27 ದೇಶಗಳಿವೆ.

ಪ್ರಾಂಗಣದೊಳಗಿನ ಗಡಿ

ಈಗ ಭಾರತಕ್ಕೆ ಬರಬಹುದು. ದೇಶದ ಉದ್ದಗಲಕ್ಕೂ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೇ ವಿಧಿ ಹೇಳುತ್ತದೆ. ಅದರ ಹಿಂದೆಯೇ ಬರುವ ವಿಧಿಗಳು ವಿನಾಯಿತಿಗಳಿಗೆ ಎಡೆಕೊಡುತ್ತವೆ. ಸಂತೆ, ಮಾರುಕಟ್ಟೆಗಳು ರಾಜ್ಯಗಳ ಪಟ್ಟಿಯಲ್ಲಿವೆ. ಅಂತರರಾಜ್ಯ ವ್ಯಾಪಾರ ಕೇಂದ್ರದ ಪಟ್ಟಿಯಲ್ಲಿದೆ. ಹೀಗೆ ಒಂದೇ ಮೂಟೆ ಕೊಬ್ಬರಿ ತಿಪಟೂರಿನ ಪ್ರಾಂಗಣದಲ್ಲಿರುವಾಗ ಒಂದು ಕಾಯಿದೆಗೆ, ಲಾರಿ ಹತ್ತಿ ಗಡಿ ದಾಟಿದಾಗ ಇನ್ನೊಂದು ಕಾಯಿದೆಗೆ ಸೇರುತ್ತದೆ.

ಗಡಿಗಳು ಒಂದೊಂದಾಗಿ ಬಿದ್ದವು. ಊರಿನೊಳಕ್ಕೆ ಸರಕು ಬಂದರೆ ಪುರಸಭೆ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ತೆಗೆಯಿತು. ಆದರೆ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಪ್ರವೇಶ ತೆರಿಗೆಯಂಥವು ಅದರಲ್ಲಿ ಕರಗಿದವು. ರಾಜ್ಯದ ಗಡಿಗಳಲ್ಲಿ ಮಾರಾಟ ತೆರಿಗೆಯ ತಪಾಸಣೆಗೆ ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು. ಸುಂಕದ ಮಟ್ಟಿಗೆ ಭಾರತ ಬಹುಪಾಲು ಒಂದೇ ಮಾರುಕಟ್ಟೆಯಾಯಿತೆನ್ನಬಹುದು.

ಆದರೆ ರೈತನಿಗೆ ತಟ್ಟುತ್ತಿದ್ದ ಗಡಿ ರಾಜ್ಯದ ಅಂಚಿನಲ್ಲಿರಲಿಲ್ಲ, ಪ್ರಾಂಗಣದ ಗೇಟಿನಲ್ಲೇ ಇತ್ತು. ಮಾರುಕಟ್ಟೆ ಸಮಿತಿ ಕೊಡುತ್ತಿದ್ದ ಲೈಸೆನ್ಸು ಆ ಸಮಿತಿಯ ವ್ಯಾಪ್ತಿಗೆ ಮಾತ್ರ ಸೀಮಿತವಾಗಿತ್ತು. ಅರಸೀಕೆರೆಯ ವರ್ತಕ ತಿಪಟೂರಿನಲ್ಲಿ ಕೊಳ್ಳಬೇಕಾದರೆ ಇಲ್ಲಿಯ ಲೈಸೆನ್ಸು ಬೇಕಾಗುತ್ತಿತ್ತು. ಹಾಗೆ ಹುಟ್ಟಿದ್ದು ಊರಿಗೊಂದು ವರ್ತಕ ಬಳಗ. ಗ್ರುಂಡಿಗ್ ಕಂಪನಿ ಖಾಸಗಿ ಕರಾರಿನಿಂದ ಮಾಡಿದ್ದನ್ನು ಇಲ್ಲಿ ಸರ್ಕಾರದ ಲೈಸೆನ್ಸೇ ಮಾಡಿತ್ತು. ಕಾಯಿದೆಯ ಉದ್ದೇಶ ರೈತನ ರಕ್ಷಣೆ. ತೂಕದ ಮೋಸ, ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಮಾತಾಡುವ ಗುಟ್ಟಿನ ವ್ಯಾಪಾರ, ಲೆಕ್ಕವಿಲ್ಲದ ಕಡಿತ ಇವನ್ನು ತಪ್ಪಿಸಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಹುಟ್ಟಿದವು, ತಕ್ಕಮಟ್ಟಿಗೆ ತಪ್ಪಿಸಿದವು ಕೂಡ. ಆದರೆ ಒಳಗೆ ಬಂದವನನ್ನು ಕಾಯುವ ಗೋಡೆಯೇ ಹೊರಗಿನ ಕೊಳ್ಳುಗನನ್ನು ತಡೆಯುವ ಗೋಡೆಯೂ ಆಯಿತು.

ಕರ್ನಾಟಕ ಈ ಗೋಡೆಗೆ ಕಿಂಡಿ ಕೊರೆದದ್ದು 2014ರಲ್ಲಿ. ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಹೆಸರಿನಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಗಣಕಯಂತ್ರದ ಜಾಲಕ್ಕೆ ಸೇರಿಸುವ ಕೆಲಸ ಆಗ ಶುರುವಾಯಿತು. ತಿಪಟೂರಿನ ಕೊಬ್ಬರಿಯೂ ಇ–ಟೆಂಡರಿಗೆ ಬಂತು. ರೈತ ತಂದ ಮೂಟೆಗಳಿಗೆ ಲಾಟ್ ಸಂಖ್ಯೆ ಕೊಡುತ್ತಾರೆ. ವರ್ತಕರು ಮಾಲು ನೋಡಿ ತಮ್ಮ ದರವನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ಹೆಚ್ಚು ದರ ಬರೆದವನ ಹೆಸರಿಗೆ ಲಾಟು ನಿಲ್ಲುತ್ತದೆ. ಒಂದೇ ಲೈಸೆನ್ಸಿನಲ್ಲಿ ರಾಜ್ಯದ ಹಲವು ಮಾರುಕಟ್ಟೆಗಳಲ್ಲಿ ಕೊಳ್ಳುವ ಅವಕಾಶವೂ ಬಂತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಆರಂಭಿಸಿದ ಇ–ನಾಮ್ ಯೋಜನೆ ಇದೇ ಜಾಡಿನಲ್ಲಿ ರಾಜ್ಯಗಳಾಚೆಗೂ ಚಾಚಲು ಹೊರಟದ್ದು.

ಇದರಿಂದ ಬೆಲೆ ಏರಿತೆ? ಕರ್ನಾಟಕದ ಈ ವೇದಿಕೆಯನ್ನು ಕುರಿತ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಭತ್ತಕ್ಕೆ ಶೇ. 5.1, ಕಡಲೆಕಾಯಿಗೆ ಶೇ. 3.6, ಮುಸುಕಿನ ಜೋಳಕ್ಕೆ ಶೇ. 3.5ರಷ್ಟು ಹೆಚ್ಚು ಬೆಲೆ ಸಿಕ್ಕಿತೆಂದು ಅದು ಕಂಡುಕೊಂಡಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಎದ್ದುಕಾಣುವ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಮಾರುಕಟ್ಟೆಗೂ ಬಂದದ್ದು ಒಂದೇ ಬಗೆಯ ವೇದಿಕೆ, ಫಲ ಮಾತ್ರ ಬೇರೆ ಬೇರೆ. ಯಂತ್ರ ಬಂದ ಮಾತ್ರಕ್ಕೆ ಪೈಪೋಟಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಂದು ಕಲ್ಪಿತ ಲೆಕ್ಕ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಒಂದು ಪ್ರಾಂಗಣದಲ್ಲಿ ಇಪ್ಪತ್ತು ಮಂದಿ ಟೆಂಡರ್ ಬರೆಯುತ್ತಾರೆನ್ನಿ. ಹೊರನೋಟಕ್ಕೆ ಇಪ್ಪತ್ತು ಕೊಳ್ಳುವವರು. ಆದರೆ ಅವರೆಲ್ಲ ಉತ್ತರದ ಮೂರೇ ದೊಡ್ಡ ಖರೀದಿದಾರರಿಗೆ ಮಾಲು ರವಾನಿಸುವವರಾದರೆ ನಿಜವಾದ ಕೊಳ್ಳುವವರು ಮೂರೇ ಮಂದಿ. ಆ ಮೂವರು ಬೆಳಿಗ್ಗೆ ಫೋನಿನಲ್ಲಿ ಮಾತಾಡಿಕೊಂಡರೆ ಒಬ್ಬನೇ. ಪರದೆಯ ಮೇಲೆ ಇಪ್ಪತ್ತು ದರಗಳು ಮೂಡುತ್ತವೆ, ಆದರೆ ಎಲ್ಲವೂ ಒಂದೇ ಬಾಯಿಂದ ಬಂದವು.

ಕಾಯಿದೆ ಮತ್ತು ಕೂಟ

ಇಂಥ ಒಳಒಪ್ಪಂದಕ್ಕೆ ಕಾಯಿದೆಯಲ್ಲಿ ಮದ್ದಿದೆಯೆ? ಇದೆ. 1969ರಲ್ಲಿ ಭಾರತ ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಕಾಯಿದೆಯನ್ನು ತಂದಿತು. ಅದರ ಮುಖ್ಯ ಆತಂಕ ದೊಡ್ಡ ಮನೆತನಗಳ ಗಾತ್ರ. 1991ರ ಉದಾರೀಕರಣದ ನಂತರ ಗಾತ್ರಕ್ಕಿಂತ ನಡತೆ ಮುಖ್ಯ ಎಂಬ ವಿಚಾರ ಬಲಗೊಂಡಿತು. 2002ರಲ್ಲಿ ಸ್ಪರ್ಧಾ ಕಾಯಿದೆ ಬಂತು. ಒಳಒಪ್ಪಂದ ಮತ್ತು ಮೇಲುಗೈಯ ದುರುಪಯೋಗವನ್ನು ತಡೆಯುವ ಅದರ ಮುಖ್ಯ ಕಲಮುಗಳು 2009ರ ಮೇ 20ರಂದು ಜಾರಿಗೆ ಬಂದವು. ಟೆಂಡರಿನಲ್ಲಿ ಕೂಡಿಕೊಂಡು ದರ ಬರೆಯುವುದು ಅದರ 3ನೇ ಕಲಮಿನಡಿ ಸ್ಪಷ್ಟವಾದ ಅಪರಾಧ. ಕೂಡಿಕೊಂಡು ಮಾರುವ ಬೆಲೆ ಏರಿಸುವುದಷ್ಟೇ ಅಲ್ಲ, ಕೂಡಿಕೊಂಡು ಕೊಳ್ಳುವ ಬೆಲೆ ಇಳಿಸುವುದೂ ಅದರಡಿ ಬರುತ್ತದೆ.

ಆದರೂ ಆಯೋಗದ ದೊಡ್ಡ ಪ್ರಕರಣಗಳು ಬೇರೆ ಕಡೆಯವು. 2012ರಲ್ಲಿ ಅದು ಸಿಮೆಂಟ್ ಕಂಪನಿಗಳಿಗೆ ಆರು ಸಾವಿರ ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿ ಸುದ್ದಿಯಾಯಿತು. ಅದೇ ವರ್ಷ ಆಯೋಗಕ್ಕಾಗಿ ಬೆಂಗಳೂರಿನ ಐಸೆಕ್ ಸಂಸ್ಥೆ ಮಹಾರಾಷ್ಟ್ರ ಮತ್ತು ಕರ್ನಾಟಕದ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ನಡೆಸಿತು. ಕೆಲವೇ ದೊಡ್ಡ ವರ್ತಕರ ಹಿಡಿತ, ಹೊಸಬರಿಗೆ ಒಳಹೋಗಲು ಇರುವ ಅಡ್ಡಿ ಇವು ಅಲ್ಲಿ ಕಂಡ ಸಂಗತಿಗಳು. ಸಿಮೆಂಟಿನ ಮೂಟೆಗೆ ಬೆಲೆ ಏರಿದರೆ ಮನೆ ಕಟ್ಟುವವನು ಕೂಗುತ್ತಾನೆ, ಪತ್ರಿಕೆ ಬರೆಯುತ್ತದೆ. ಕೊಳ್ಳುವವರು ಕೂಡಿಕೊಂಡು ಬೆಳೆದವನಿಗೆ ಬೆಲೆ ಇಳಿಸಿದರೆ ಅದು ‘ಮಾರುಕಟ್ಟೆ ಇಳಿದಿದೆ’ ಎಂಬ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತದೆ. ದೂರು ಕೊಡಬೇಕಾದ ರೈತ ಮರುವಾರ ಅದೇ ಮಂಡಿಗೆ ಮೂಟೆ ಹೊತ್ತು ಬರಬೇಕು. ಮಗಳ ಮದುವೆಗೆ, ಬೋರ್‌ವೆಲ್ಲಿಗೆ ಮುಂಗಡ ಕೊಟ್ಟವನು ಅದೇ ದಲ್ಲಾಳಿಯಾಗಿದ್ದರೆ ದೂರಿನ ಮಾತೇ ಇಲ್ಲ.

ಈ ಅಸಮಾನತೆಯನ್ನು ಹೊರಗಿನ ದೇಶಗಳು ಮನಗಂಡಿವೆ. ರೈತರು ಒಟ್ಟಾಗಿ ಮಾರುವುದನ್ನು ಕೂಟವೆಂದು ಎಣಿಸಬಾರದೆಂದು ಅಮೆರಿಕ 1922ರಲ್ಲೇ ಕಾಯಿದೆ ಮಾಡಿತು. ಯೂರೋಪು 1962ರಲ್ಲಿ ಬೆಳೆಗಾರರ ಸಂಘಗಳಿಗೆ ಸ್ಪರ್ಧಾ ನಿಯಮಗಳಿಂದ ಒಂದಿಷ್ಟು ವಿನಾಯಿತಿ ಕೊಟ್ಟಿತು. 2019ರಲ್ಲಿ ಇನ್ನೂ ಮುಂದೆ ಹೋಗಿ, ದೊಡ್ಡ ಖರೀದಿದಾರರು ಚಿಕ್ಕ ಮಾರಾಟಗಾರರಿಗೆ ಹಣ ತಡಮಾಡುವುದು, ಬೇಗ ಕೆಡುವ ಸರಕಿನ ಬೇಡಿಕೆಯನ್ನು ಕೊನೆಗಳಿಗೆಯಲ್ಲಿ ರದ್ದು ಮಾಡುವುದು ಮುಂತಾದ ನಡತೆಗಳನ್ನು ನಿಷೇಧಿಸುವ ನಿರ್ದೇಶನ ಹೊರಡಿಸಿತು. ಪೈಪೋಟಿಯ ಕಾವಲು ಎಂದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಲ್ಲ. ಬಲವಂತರ ಕೂಟವನ್ನು ಮುರಿಯಬೇಕು, ದುರ್ಬಲರ ಒಗ್ಗಟ್ಟನ್ನು ಉಳಿಸಬೇಕು.

2020ರ ಮೂರು ಕೃಷಿ ಕಾಯಿದೆಗಳ ಸುತ್ತ ಎದ್ದ ಹೋರಾಟವನ್ನೂ ಈ ಬೆಳಕಿನಲ್ಲಿ ನೋಡಬಹುದು. ಪ್ರಾಂಗಣದ ಹೊರಗೆ, ಶುಲ್ಕವಿಲ್ಲದೆ, ಯಾರು ಬೇಕಾದರೂ ಕೊಳ್ಳಬಹುದೆಂಬುದು ಅವುಗಳಲ್ಲಿ ಒಂದರ ಸಾರ. ಗಡಿ ತೆಗೆದರೆ ಪೈಪೋಟಿ ತಾನೇ ಬರುತ್ತದೆಂಬುದು ಬೆಂಬಲಿಸಿದವರ ವಾದ. ಪ್ರಾಂಗಣ ಸೊರಗಿದ ಮೇಲೆ ಹೊರಗೆ ನಿಲ್ಲುವ ಒಬ್ಬಿಬ್ಬರು ದೊಡ್ಡ ಕೊಳ್ಳುಗರೇ ಬೆಲೆ ಕಟ್ಟುತ್ತಾರೆಂಬುದು ವಿರೋಧಿಸಿದವರ ಆತಂಕ. 2021ರ ನವೆಂಬರಿನಲ್ಲಿ ಸಂಸತ್ತು ಮೂರನ್ನೂ ಹಿಂತೆಗೆದುಕೊಂಡಿತು. ಎರಡೂ ಕಡೆಯವರಿಗೆ ಉತ್ತರಿಸಬಲ್ಲ ಒಂದು ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಹಿಂದೆ ಬಿತ್ತು: ಹೊರಗಿನ ಆ ಬಯಲಿಗೆ ಕಾವಲುಗಾರ ಯಾರು?

ಸ್ಪರ್ಧಾಶಕ್ತಿ ಎಂದರೇನು?

ಪೈಪೋಟಿಯ ಕಾವಲು ಬಿಗಿಯಾದರೆ ದೇಶದ ಉದ್ದಿಮೆಗಳು ಹೊರಗಿನವರೆದುರು ಸೋಲುತ್ತವೆ ಎಂಬ ವಾದವೊಂದಿದೆ. ಯೂರೋಪಿನಲ್ಲಿ ಅದು ಜೋರಾಗಿ ಕೇಳಿದ್ದು 2019ರಲ್ಲಿ. ಚೀನಾದ ದೈತ್ಯ ಕಂಪನಿಯನ್ನು ಎದುರಿಸಲು ಜರ್ಮನಿಯ ಸೀಮೆನ್ಸ್ ಮತ್ತು ಫ್ರಾನ್ಸಿನ ಆಲ್‌ಸ್ಟಾಮ್ ತಮ್ಮ ರೈಲು ಉದ್ದಿಮೆಗಳನ್ನು ಒಂದುಗೂಡಿಸಲು ಹೊರಟವು. ಎರಡೂ ಸರ್ಕಾರಗಳು ಒತ್ತಾಸೆಯಾಗಿ ನಿಂತವು. ಯೂರೋಪಿನ ಆಯೋಗ ಒಪ್ಪಲಿಲ್ಲ. ಯೂರೋಪಿನೊಳಗೇ ರೈಲು, ಸಿಗ್ನಲ್ ಕೊಳ್ಳುವವರಿಗೆ ಬೆಲೆ ಏರುತ್ತದೆಂದು ಅದು ಕಾರಣ ಕೊಟ್ಟಿತು. ಇಟಲಿಯ ಮಾಜಿ ಪ್ರಧಾನಿ ಮಾರಿಯೋ ದ್ರಾಗಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಈ ಚರ್ಚೆಯನ್ನು ಮತ್ತೆ ಕೆದಕಿತು. ಯೂರೋಪು ಹೊಸ ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿದೆ, ಪೈಪೋಟಿಯ ನಿಯಮಗಳು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಒಂದು ಸಲಹೆ. ಈ ವಾದ ಇನ್ನೂ ಮುಗಿದಿಲ್ಲ.

ತೆಂಗಿನ ಮಟ್ಟಿಗೆ ಈ ವಾದವನ್ನು ಇಳಿಸಿ ನೋಡಿದರೆ ಅರ್ಥ ತಿಳಿಯಾಗುತ್ತದೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಭಾರತ ಈ ಮೂರೇ ಜಗತ್ತಿನ ದೊಡ್ಡ ತೆಂಗಿನ ದೇಶಗಳು. 2010ರ ಜನವರಿ 1ರಂದು ಭಾರತ ಮತ್ತು ಆಸಿಯಾನ್ ದೇಶಗಳ ಸರಕು ವ್ಯಾಪಾರದ ಒಪ್ಪಂದ ಜಾರಿಗೆ ಬಂದ ಮೇಲೆ ಆ ಕಡೆಯ ತಾಳೆ ಎಣ್ಣೆಯ ಮಾತು ತೆಂಗಿನ ಸೀಮೆಯಲ್ಲಿ ಪದೇ ಪದೇ ಬರುತ್ತಿದೆ. ತಾಳೆ ಎಣ್ಣೆಯ ಮುಂದೆ ತೆಂಗಿನೆಣ್ಣೆ ಬೆಲೆಯಲ್ಲಿ ನಿಲ್ಲುವುದು ಕಷ್ಟ. ಆದರೆ ಉಂಡೆ ಕೊಬ್ಬರಿ ಎಣ್ಣೆಯ ಸರಕಲ್ಲ, ತಿನ್ನುವ ಸರಕು. ಅದರ ರುಚಿ, ಬಿಳುಪು, ಬಾಳಿಕೆಗೆ ತಾಳೆ ಎಣ್ಣೆ ಎದುರಾಳಿಯಲ್ಲ. ಯಾವ ಸರಕು ಯಾವುದಕ್ಕೆ ಬದಲಿಯಾಗಬಲ್ಲದು ಎಂಬುದನ್ನು ಮೊದಲು ಕೇಳಬೇಕೆಂದು ಸ್ಪರ್ಧಾ ಕಾಯಿದೆಯೂ ಹೇಳುತ್ತದೆ. ಅದನ್ನು ಮರೆತರೆ ಶತ್ರುವನ್ನು ಹುಡುಕುವ ದಿಕ್ಕೇ ತಪ್ಪುತ್ತದೆ.

ಬೆಳೆಗಾರನ ನಿಜವಾದ ಸ್ಪರ್ಧಾಶಕ್ತಿ ಎರಡು ಕಡೆ ಇದೆ. ಒಂದು, ಒಂದೇ ಕಾಯಿಗೆ ಹಲವು ದಾ��ಿಗಳು. ಎಳನೀರಾಗಿ ಮದ್ದೂರಿನ ಮಾರುಕಟ್ಟೆಗೆ, ಬಲಿತ ಕಾಯಾಗಿ ಅಡಿಗೆಮನೆಗೆ, ಪುಡಿಯಾಗಿ ತುಮಕೂರು ಜಿಲ್ಲೆಯ ಕಾರ್ಖಾನೆಗಳಿಂದ ಬಿಸ್ಕತ್ತು ಮಿಠಾಯಿಗೆ, ಉಂಡೆಯಾಗಿ ಉತ್ತರಕ್ಕೆ. ಕೊಬ್ಬರಿಯ ವರ್ತಕ ಬೆಲೆ ಇಳಿಸಿದಾಗ ಎಳನೀರಿನ ವ್ಯಾಪಾರಿ ತೋಟದ ಬದುವಿಗೆ ಬಂದು ನಿಂತರೆ ಅದೇ ಪೈಪೋಟಿ. ಎರಡು, ಕಾಯುವ ಶಕ್ತಿ. ಉಂಡೆ ಕೊಬ್ಬರಿ ಟೊಮೆಟೊ ಅಲ್ಲ, ಇಂದಿನ ದರ ಹಿಡಿಸದಿದ್ದರೆ ಇನ್ನೊಂದು ತಿಂಗಳು ಅಟ್ಟದಲ್ಲಿರಬಹುದು. ಆದರೆ ಸಾಲದ ಕಂತು ಅಟ್ಟದಲ್ಲಿ ಕಾಯುವುದಿಲ್ಲ. ಗೋದಾಮಿನ ರಸೀದಿಯ ಮೇಲೆ ಕಡಿಮೆ ಬಡ್ಡಿಗೆ ಸಾಲ ಸಿಕ್ಕುವ ರೈತ ಬೇರೆ, ಮುಂಗಡಕ್ಕೆ ಕೊರಳೊಡ್ಡಿದ ರೈತ ಬೇರೆ.

ಹೊಸದೊಂದು ಕೊಳ್ಳುವ ಕೈ ಸೇರಿದರೆ ಏನಾಗುತ್ತದೆಂಬುದಕ್ಕೆ ಅಡಿಕೆಯವರ ಅನುಭವ ಕಣ್ಣ ಮುಂದಿದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೆಳೆಗಾರರು ಕಂಗಾಲಾದರು. ಗಡಿಯ ಈಚೆ ಕರ್ನಾಟಕ, ಆಚೆ ಕೇರಳ. ಬೆಳೆ ಒಂದೇ, ಸಂಕಟವೂ ಒಂದೇ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಒಂದು ರಾಜ್ಯದ ಸಂಘವಾಗದೆ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿಯಾಯಿತು. ಖಾಸಗಿ ವರ್ತಕರನ್ನು ಅದು ಓಡಿಸಲಿಲ್ಲ, ಅವರ ಪಕ್ಕದಲ್ಲಿ ನಿಂತು ತಾನೂ ಕೊಂಡಿತು. ಕ್ಯಾಂಪ್ಕೊದ ದರ ತಿಳಿದ ಬೆಳೆಗಾರನಿಗೆ ಅದಕ್ಕಿಂತ ಕೆಳಗಿನ ದರ ಹೇಳುವುದು ಕಷ್ಟವಾಯಿತು. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದು ಕೋಕೋ ಬೆಳೆಗಾರರಿಗೂ ಆಸರೆಯಾಯಿತು.

ಸರ್ಕಾರದ ಬೆಂಬಲ ಬೆಲೆಯೂ ಇಂಥದೇ ಒಂದು ಕೊಳ್ಳುವ ಕೈ. 2024ರಲ್ಲಿ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ರಾಜ್ಯ ಸರ್ಕಾರ ಅದರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ನಾಫೆಡ್ ಖರೀದಿಗೆ ನಿಂತಾಗ ರೈತ ಉಸಿರಾಡಿದ. ಆದರೆ ಇಂಥ ಖರೀದಿಗೆ ಮಿತಿ ಇರುತ್ತದೆ, ನೋಂದಣಿಗೆ ಸರದಿ ಇರುತ್ತದೆ, ಹಣ ಕೈಸೇರಲು ದಿನ ಹಿಡಿಯುತ್ತದೆ. ಯೂರೋಪಿನ ಕಟ್ಟಳೆಯ ಕಣ್ಣಿನಿಂದ ನೋಡಿದರೆ ರಾಜ್ಯವೊಂದು ತನ್ನ ರೈತರಿಗೆ ಮಾತ್ರ ಕೊಡುವ ಹೆಚ್ಚುವರಿ ಹಣ ನೆರೆರಾಜ್ಯದ ರೈತನಿಗೆ ಅನ್ಯಾಯವೆ ಎಂಬ ಪ್ರಶ್ನೆಯೂ ಏಳುತ್ತದೆ. ಉಂಡೆ ಕೊಬ್ಬರಿಯಲ್ಲಿ ಕರ್ನಾಟಕದ್ದೇ ಮೇಲುಗೈಯಾದ್ದರಿಂದ ಇಲ್ಲಿ ಆ ಪ್ರಶ್ನೆ ಮೊನಚಾಗಿಲ್ಲ. ಮೊನಚಾಗಿರುವುದು ಇನ್ನೊಂದು: ಬೆಲೆ ಬಿದ್ದ ವರ್ಷದ ಆಸರೆ ತಾತ್ಕಾಲಿಕ ಚಿಕಿತ್ಸೆ. ಮುಂದಿನ ವರ್ಷ ಪ್ರಾಂಗಣದಲ್ಲಿ ಎಷ್ಟು ನಿಜವಾದ ಕೊಳ್ಳುವವರಿರುತ್ತಾರೆ ಎಂಬುದನ್ನು ಅದು ಬದಲಿಸುವುದಿಲ್ಲ.

ಬೆಲೆ ಚೆನ್ನಾಗಿರುವಾಗ ಈ ಮಾತುಗಳು ಕಿವಿಗೆ ಬೀಳುವುದು ಕಡಿಮೆ. 25,000 ರೂಪಾಯಿ ಸಿಗುವಾಗ ಟೆಂಡರಿನ ಗುಟ್ಟು ಯಾರಿಗೆ ಬೇಕು? ಆದರೆ ಕಾವಲು ಕಟ್ಟುವ ಕಾಲ ಅದೇ. ಪ್ರತಿ ಲಾಟಿಗೆ ಎಷ್ಟು ಮಂದಿ ದರ ಬರೆದರು, ಒಬ್ಬನೇ ಬರೆದ ಲಾಟುಗಳೆಷ್ಟು, ಎಲ್ಲರೂ ಒಂದೇ ದರದ ಆಸುಪಾಸಿನಲ್ಲಿ ಬರೆದ ದಿನಗಳೆಷ್ಟು ಎಂಬ ಲೆಕ್ಕ ಇ–ಟೆಂಡರಿನ ಗಣಕಯಂತ್ರದಲ್ಲೇ ಇರುತ್ತದೆ. ಆ ಲೆಕ್ಕವನ್ನು ತಿಂಗಳಿಗೊಮ್ಮೆ ಪ್ರಾಂಗಣದ ಫಲಕದ ಮೇಲೆ ಹಾಕಲು ಹೊಸ ಕಾಯಿದೆ ಬೇಕಿಲ್ಲ. ಮುಂಬಯಿ, ದೆಹಲಿ, ಜೈಪುರದ ಕೊಳ್ಳುಗರು ನೇರವಾಗಿ ದರ ಬರೆಯುವಂತಾಗಲು ಬೇಕಾದದ್ದು ದೂರದಿಂದಲೇ ನಂಬಬಹುದಾದ ದರ್ಜೆ, ತೂಕ, ತೇವಾಂಶದ ಪರೀಕ್ಷೆ. ಬೆಳೆಗಾರರ ಸಂಘಗಳು ಒಟ್ಟಾಗಿ ಮಾರುವಾಗ ಅವುಗಳನ್ನು ಕೂಟವೆಂದು ಹೆದರಿಸಬಾರದು, ವರ್ತಕರ ಕೂಟ ಕಂಡುಬಂದಾಗ ರೈತನ ಹೆಸರು ಹೊರಬೀಳದಂತೆ ಆಯೋಗ ದೂರು ಪಡೆಯಬೇಕು.

ಹೊಯ್ಸಳರ ಕಾಲದ ವರ್ತಕ ಸುಂಕದ ಕಟ್ಟೆಯಲ್ಲಿ ನಿಂತು ಸುಂಕ ತೆತ್ತ. ಆ ಕಟ್ಟೆ ಕಣ್ಣಿಗೆ ಕಾಣುತ್ತಿತ್ತು, ಲೆಕ್ಕವೂ ಇತ್ತು. ಇಂದಿನ ಗಡಿ ಕಣ್ಣಿಗೆ ಕಾಣುವುದಿಲ್ಲ. ಅದು ಬರೆಯದೆ ಬಿಟ್ಟ ದರದಲ್ಲಿ ಅಡಗಿದೆ. ಒಂದು ಲಾಟಿಗೆ ಎರಡನೆಯ ದರ ಏಕೆ ಬರಲಿಲ್ಲ ಎಂದು ಹಾಲ್ಕುರಿಕೆಯ ಬೆಳೆಗಾರ ಕೇಳಿದಾಗ ಉತ್ತರ ಕೊಡುವ ಒಬ್ಬ ಅಧಿಕಾರಿ ಇರಬೇಕು. ಅಂಥವನೊಬ್ಬ ಇರುವ ದಿನ ಈ ಸೀಮೆಯ ಕೊಬ್ಬರಿಗೆ ಒಂದೇ ಮಾರುಕಟ್ಟೆ ಬಂತೆನ್ನಬಹುದು.